ಪಿಟಿಷನ್ ಮತ್ತು ಅಪ್ಲಿಕೇಶನ್: ಸಿವಿಲ್ ನ್ಯಾಯಾಲಯದ ಅರ್ಜಿಗಳು – ಮುಖ್ಯಾಂಶಗಳು

ತಿರುಳು

- ಪಿಟಿಷನ್: ಸ್ವತಂತ್ರ ನಡವಳಿಗೆ ನಾಂದಿಯಾಗುವ ಮೂಲ ಅರ್ಜಿ; ತನ್ನದೇ ಪ್ರಕರಣ ಸಂಖ್ಯೆ; ಅಂತಿಮ ಪರಿಹಾರದ ಕೋರಿಕೆ.
- ಅಪ್ಲಿಕೇಶನ್: ಸಾಮಾನ್ಯವಾಗಿ ಬಾಕಿ ಇರುವ ದಾವೆ, ಪಿಟಿಷನ್ ಅಥವಾ ಮೇಲ್ಮನವಿಯ ಒಳಗಿನ ಕೋರಿಕೆ; ನ್ಯಾಯಾಲಯದ ಬಳಕೆಯಲ್ಲಿ ಮಧ್ಯಂತರ ಅರ್ಜಿ, ಸಂಕ್ಷಿಪ್ತವಾಗಿ ಐಎ.
- ಪಿಟಿಷನ್‌ನ ಪಕ್ಷಕಾರರು: ಅರ್ಜಿದಾರ, ಎದುರುದಾರ. ದಾವೆಯ ಪಕ್ಷಕಾರರು: ವಾದಿ, ಪ್ರತಿವಾದಿ. ಐಎಯಲ್ಲಿ ಪ್ರತಿವಾದಿಯೂ ಅರ್ಜಿದಾರನಾಗಬಹುದು.
- ಕನ್ನಡದಲ್ಲಿ ಎರಡಕ್ಕೂ 'ಅರ್ಜಿ' ಎಂಬ ಒಂದೇ ಪದ. ಪ್ರಶ್ನೆಪತ್ರಿಕೆಯಲ್ಲಿ 'ಮೂಲ', 'ಮಧ್ಯಂತರ' ಎಂಬ ವಿಶೇಷಣ ನಿರ್ಣಾಯಕ.
- ವರ್ಗೀಕರಣದ ಮಾನದಂಡ: ಪತ್ರದ ತಲೆಬರಹವಲ್ಲ, ಕೋರಿದ ಪರಿಹಾರ, ಮತ್ತು ಅದಕ್ಕೆ ಆಸರೆಯಾದ ಮೂಲ ಪ್ರಕರಣ ಇದೆಯೇ ಇಲ್ಲವೇ ಎಂಬುದು.
- ಕಾಯಿದೆಗಳಲ್ಲಿ ಈ ಭೇದದ ಕಟ್ಟುನಿಟ್ಟಾದ ಪಾಲನೆ ಇಲ್ಲ. ಹೆಚ್ಚಿನ ತಪ್ಪು ಉತ್ತರಗಳ ಮೂಲ ಇಲ್ಲೇ.

ಸಿವಿಲ್ ಪ್ರಕ್ರಿಯಾ ಸಂಹಿತೆ

- ಮೊದಲ ಸಂಹಿತೆ: 1859. ನಂತರದವು: 1877, 1882.
- ಪ್ರಸ್ತುತ ಸಂಹಿತೆ: 1908ರ 5ನೇ ಕಾಯಿದೆ. ಅಂಗೀಕಾರ: 21 ಮಾರ್ಚ್ 1908. ಜಾರಿ: 1 ಜನವರಿ 1909.
- ರಚನೆ: 158 ಕಲಂಗಳು, ಮೊದಲ ಅನುಸೂಚಿಯಲ್ಲಿ 51 ಆದೇಶಗಳು.
- ಪ್ರಮುಖ ತಿದ್ದುಪಡಿಗಳು: 1976ರ 104ನೇ ಕಾಯಿದೆ, ಜಾರಿ 1 ಫೆಬ್ರವರಿ 1977, 1999ರ 46ನೇ ಕಾಯಿದೆ ಮತ್ತು 2002ರ 22ನೇ ಕಾಯಿದೆ, ಎರಡರ ಜಾರಿ 1 ಜುಲೈ 2002.
- ತಿದ್ದುಪಡಿಗಳನ್ನು ಬಹುಪಾಲು ಎತ್ತಿಹಿಡಿದ ತೀರ್ಪು: ಸೇಲಂ ಅಡ್ವೊಕೇಟ್ ಬಾರ್ ಅಸೋಸಿಯೇಷನ್ ವಿರುದ್ಧ ಭಾರತ ಒಕ್ಕೂಟ (2002, 2005).

ವ್ಯಾಖ್ಯೆ ಇರುವ ಪದ, ಇಲ್ಲದ ಪದ

- ಸಂಹಿತೆಯ ಕಲಂ 2ರಲ್ಲಿ ವ್ಯಾಖ್ಯೆ ಇರುವವು: ಡಿಕ್ರಿ, ಕಲಂ 2(2), ತೀರ್ಪು, ಕಲಂ 2(9), ಆದೇಶ, ಕಲಂ 2(14).
- ವ್ಯಾಖ್ಯೆ ಇಲ್ಲದವು: ದಾವೆ, ವಾದಪತ್ರ, ಪಿಟಿಷನ್, ಅಪ್ಲಿಕೇಶನ್.
- ದಾವೆ ಎಂದರೆ ಸಾಮಾನ್ಯವಾಗಿ ವಾದಪತ್ರ ಸಲ್ಲಿಕೆಯಿಂದ ಆರಂಭವಾಗುವ ಸಿವಿಲ್ ನಡವಳಿ: ಹನ್ಸರಾಜ್ ಗುಪ್ತಾ ಪ್ರಕರಣ, ಎಐಆರ್ 1933 ಪ್ರಿವಿ ಕೌನ್ಸಿಲ್ 63.
- ದಾವೆ ಹೂಡಿಕೆ: ಕಲಂ 26, ಆದೇಶ 4. ವಾದಪತ್ರದ ವಿವರಗಳು: ಆದೇಶ 7, ನಿಯಮ 1.
- ಪ್ಲೀಡಿಂಗ್: ಆದೇಶ 6, ನಿಯಮ 1; ವಾದಪತ್ರ ಅಥವಾ ಲಿಖಿತ ಹೇಳಿಕೆ ಮಾತ್ರ. ಐಎ ಈ ವ್ಯಾಖ್ಯೆಯ ಹೊರಗೆ.
- ಕಾಲಮಿತಿ ಕಾಯಿದೆ 1963, ಕಲಂ 2(ಬಿ): 'ಅಪ್ಲಿಕೇಶನ್' ಪದದಲ್ಲಿ ಪಿಟಿಷನ್ ಒಳಗೊಂಡಿದೆ. ಕಲಂ 2(ಎ): 'ಅರ್ಜಿದಾರ' ಪದದಲ್ಲಿ ಪಿಟಿಷನರ್ ಒಳಗೊಂಡಿದ್ದಾನೆ. ಕಲಂ 2(ಎಲ್): 'ದಾವೆ' ಪದದಲ್ಲಿ ಮೇಲ್ಮನವಿಯಾಗಲಿ ಅಪ್ಲಿಕೇಶನ್ ಆಗಲಿ ಒಳಗೊಂಡಿಲ್ಲ.
- ಫಲಿತ: ಕಾಲಮಿತಿಯ ಮಟ್ಟಿಗೆ ಪಿಟಿಷನ್–ಅಪ್ಲಿಕೇಶನ್ ಭೇದ ಇಲ್ಲ, ದಾವೆ–ಅಪ್ಲಿಕೇಶನ್ ಭೇದ ಇದೆ. ಇಡೀ ವಿಷಯದಲ್ಲಿ ಮೊದಲು ಕಂಠಪಾಠ ಆಗಬೇಕಾದ ಅಂಶ.
- ಕಲಂ 141: ದಾವೆಯ ಕಾರ್ಯವಿಧಾನ ಸಿವಿಲ್ ಅಧಿಕಾರವ್ಯಾಪ್ತಿಯ ಇತರ ನಡವಳಿಗಳಿಗೂ ಸಾಧ್ಯವಾದಷ್ಟು ಅನ್ವಯ. 1976ರ ವಿವರಣೆ: ಆದೇಶ 9ರ ನಡವಳಿ ಸೇರ್ಪಡೆ, ಸಂವಿಧಾನದ ವಿಧಿ 226ರ ನಡವಳಿ ಹೊರಗೆ.

ಪಿಟಿಷನ್ ಮೂಲಕ ಅಪ್ಲಿಕೇಶನ್: ಕಾಯಿದೆಯ ಭಾಷೆ

ಮೂರು ಕಾಯಿದೆಗಳಲ್ಲಿ ಕೋರಿಕೆಯ ಹೆಸರು ಅಪ್ಲಿಕೇಶನ್, ಅದನ್ನು ಹೊತ್ತ ಪತ್ರದ ಹೆಸರು ಪಿಟಿಷನ್.

- ಭಾರತೀಯ ಉತ್ತರಾಧಿಕಾರ ಕಾಯಿದೆ 1925 (39ನೇ ಕಾಯಿದೆ): ಪ್ರೊಬೇಟ್, ಕಲಂ 276, ಆಡಳಿತ ಪತ್ರ, ಕಲಂ 278, ಉತ್ತರಾಧಿಕಾರ ಪ್ರಮಾಣಪತ್ರ, ಕಲಂ 372. ಕಲಂ 276ರಂತೆ ಪಿಟಿಷನ್ ಇಂಗ್ಲಿಷಿನಲ್ಲಿ, ಇಲ್ಲವೇ ಆ ನ್ಯಾಯಾಲಯದ ಕಲಾಪದಲ್ಲಿ ರೂಢಿಯಲ್ಲಿರುವ ಭಾಷೆಯಲ್ಲಿ.
- ಪೋಷಕರು ಮತ್ತು ಪಾಲ್ಯರ ಕಾಯಿದೆ 1890 (8ನೇ ಕಾಯಿದೆ): ಕಲಂ 8, ಅರ್ಜಿ ಸಲ್ಲಿಸಲು ಅರ್ಹರು, ಕಲಂ 10, ಅರ್ಜಿಯ ನಮೂನೆ. ಅರ್ಜಿ ಕಲೆಕ್ಟರ್‌ನದ್ದಲ್ಲದಿದ್ದರೆ ಸಹಿ ಮತ್ತು ಸತ್ಯಾಪನೆ ಇರುವ ಪಿಟಿಷನ್ ಕಡ್ಡಾಯ.
- ಹಿಂದೂ ವಿವಾಹ ಕಾಯಿದೆ 1955 (25ನೇ ಕಾಯಿದೆ, ಜಾರಿ 18 ಮೇ 1955): ಮೂಲ ಪರಿಹಾರಗಳಿಗೆಲ್ಲ ಪಿಟಿಷನ್, ಮಕ್ಕಳ ಅಭಿರಕ್ಷೆಗೆ ಕಲಂ 26ರಡಿ ಪಿಟಿಷನ್ ಮೂಲಕ ಅಪ್ಲಿಕೇಶನ್.

ಹಿಂದೂ ವಿವಾಹ ಕಾಯಿದೆ ಈ ಭೇದದ ಅತ್ಯಂತ ಸ್ಪಷ್ಟ ಮಾದರಿ. ಆದ್ದರಿಂದ ಹೆಚ್ಚಿನ ವಿವರ:

- ಕಲಂ 9: ದಾಂಪತ್ಯ ಹಕ್ಕುಗಳ ಪುನಃಸ್ಥಾಪನೆ. ಕಲಂ 10: ನ್ಯಾಯಿಕ ಪ್ರತ್ಯೇಕತೆ. ಕಲಂ 13: ವಿಚ್ಛೇದನ. ಕಲಂ 13ಬಿ: ಪರಸ್ಪರ ಸಮ್ಮತಿಯ ವಿಚ್ಛೇದನ. ಎಲ್ಲವೂ ಪಿಟಿಷನ್.
- ಕಲಂ 14: ವಿವಾಹವಾಗಿ 1 ವರ್ಷದೊಳಗೆ ವಿಚ್ಛೇದನ ಪಿಟಿಷನ್‌ಗೆ ಅವಕಾಶ ಇಲ್ಲ, ವಿಶೇಷ ಅನುಮತಿ ಅಪವಾದ.
- ಕಲಂ 13ಬಿ(2): 6 ತಿಂಗಳ ನಂತರ, 18 ತಿಂಗಳೊಳಗೆ ಎರಡನೇ ಹಂತದ ಕೋರಿಕೆ. 6 ತಿಂಗಳ ಕಾಯುವಿಕೆ ಕಡ್ಡಾಯವಲ್ಲ, ನಿರ್ದೇಶಾತ್ಮಕ: ಅಮರದೀಪ್ ಸಿಂಗ್ ವಿರುದ್ಧ ಹರ್ವೀನ್ ಕೌರ್ (2017).
- ಕಲಂ 19: ಪಿಟಿಷನ್ ಸಲ್ಲಿಸಬೇಕಾದ ನ್ಯಾಯಾಲಯ. ಕಲಂ 20: ಒಳವಿವರ, ಸತ್ಯಾಪನೆ. ಕಲಂ 21ಎ: ಪಿಟಿಷನ್ ವರ್ಗಾವಣೆ. ಕಲಂ 23ಎ: ಎದುರುದಾರನ ಪ್ರತಿಕ್ಲೇಮು.
- ಕಲಂ 24: ಮೊಕದ್ದಮೆ ಬಾಕಿ ಇರುವಾಗಿನ ಜೀವನಾಂಶ ಮತ್ತು ವ್ಯಾಜ್ಯ ವೆಚ್ಚ, ಶುದ್ಧ ಮಧ್ಯಂತರ ಅರ್ಜಿ. ನೋಟಿಸ್ ಜಾರಿಯಾದ ದಿನದಿಂದ ಸಾಧ್ಯವಾದಷ್ಟು ಮಟ್ಟಿಗೆ 60 ದಿನಗಳಲ್ಲಿ ಇತ್ಯರ್ಥ: 2001ರ ತಿದ್ದುಪಡಿ.
- ಗಂಡ ಹೆಂಡತಿ ಇಬ್ಬರಿಗೂ ಕಲಂ 24ರ ಹಕ್ಕು. ಪರೀಕ್ಷೆಯಲ್ಲಿ 'ಹೆಂಡತಿಗೆ ಮಾತ್ರ' ಎಂಬ ಆಯ್ಕೆ ತಪ್ಪು.
- ಜೀವನಾಂಶದ ಅರ್ಜಿಯೊಂದಿಗೆ ಆಸ್ತಿ–ಹೊಣೆಗಳ ಪ್ರಮಾಣಪತ್ರ ಕಡ್ಡಾಯ: ರಜನೀಶ್ ವಿರುದ್ಧ ನೇಹಾ (2020).
- ಪಿಟಿಷನ್ ಫಲ: ಡಿಕ್ರಿ, ಕಲಂ 28ರಡಿ ಮೇಲ್ಮನವಿ. ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ 1984 (66ನೇ ಕಾಯಿದೆ), ಕಲಂ 19: ಮಧ್ಯಂತರ ಆದೇಶಕ್ಕೆ ಮೇಲ್ಮನವಿ ಇಲ್ಲ.

ಹೆಸರು ಒಂದು, ರೂಢಿ ಇನ್ನೊಂದು

- ಮೋಟಾರು ವಾಹನ ಕಾಯಿದೆ 1988, ಕಲಂ 166: ಕಾಯಿದೆಯ ಪದ ಅಪ್ಲಿಕೇಶನ್, ವಕೀಲರ ಪದ ಕ್ಲೇಮ್ ಪಿಟಿಷನ್, ಕರ್ನಾಟಕದ ನೋಂದಣಿ ಎಂ.ವಿ.ಸಿ.
- ಮಧ್ಯಸ್ಥಿಕೆ ಮತ್ತು ಸಂಧಾನ ಕಾಯಿದೆ 1996, ಕಲಂ 34: ಐತೀರ್ಪು ರದ್ದತಿಗೆ ಅಪ್ಲಿಕೇಶನ್, ಬೆಂಗಳೂರಿನ ನ್ಯಾಯಾಲಯಗಳಲ್ಲಿ ನೋಂದಣಿ ಎ.ಎಸ್., ಅಂದರೆ ಆರ್ಬಿಟ್ರೇಷನ್ ಸೂಟ್. ಅವಧಿ 3 ತಿಂಗಳು, ಮೇಲೆ ಗರಿಷ್ಠ 30 ದಿನ. ಕಾಲಮಿತಿ ಕಾಯಿದೆಯ ಕಲಂ 5 ಅನ್ವಯ ಇಲ್ಲ: ಭಾರತ ಒಕ್ಕೂಟ ವಿರುದ್ಧ ಪಾಪ್ಯುಲರ್ ಕನ್‌ಸ್ಟ್ರಕ್ಷನ್ (2001).
- ಅದೇ ಕಾಯಿದೆಯ ಕಲಂ 9: ಮಧ್ಯಂತರ ರಕ್ಷಣೆ, ಆದರೂ ಸ್ವತಂತ್ರ ಸಂಖ್ಯೆ. ಮಧ್ಯಂತರ ಪರಿಹಾರವೆಲ್ಲ ಐಎ ಎಂಬ ಸೂತ್ರಕ್ಕೆ ಅಪವಾದ.
- ಪುನರ್ವಿಮರ್ಶೆ: ಕಲಂ 114, ಆದೇಶ 47. ಸಂಹಿತೆಯ ಭಾಷೆಯಲ್ಲಿ ಅಪ್ಲಿಕೇಶನ್. ರೂಢಿಯಲ್ಲಿ ರಿವ್ಯೂ ಪಿಟಿಷನ್.

ಮಧ್ಯಂತರ ಅರ್ಜಿ: ಸಂಹಿತೆಯ ಆಧಾರಗಳು

- ಪಕ್ಷಕಾರರ ಸೇರ್ಪಡೆ, ಕೈಬಿಡುವಿಕೆ: ಆದೇಶ 1, ನಿಯಮ 10.
- ಪ್ಲೀಡಿಂಗ್ ತಿದ್ದುಪಡಿ: ಆದೇಶ 6, ನಿಯಮ 17. ವಿಚಾರಣೆ ಆರಂಭವಾದ ಮೇಲೆ 'ತಕ್ಕ ಶ್ರದ್ಧೆ' ಪರೀಕ್ಷೆ. ಮಾರ್ಗಸೂತ್ರ: ರೇವಾಜೀತು ಬಿಲ್ಡರ್ಸ್ ವಿರುದ್ಧ ನಾರಾಯಣಸ್ವಾಮಿ ಅಂಡ್ ಸನ್ಸ್ (2009).
- ವಾದಪತ್ರ ತಿರಸ್ಕಾರ: ಆದೇಶ 7, ನಿಯಮ 11. ಪ್ರಮುಖ ತೀರ್ಪು: ಟಿ. ಅರಿವಂದಾನಂ ವಿರುದ್ಧ ಟಿ.ವಿ. ಸತ್ಯಪಾಲ್ (1977), ಬೆಂಗಳೂರಿನ ಬಾಡಿಗೆ ತೆರವು ವ್ಯಾಜ್ಯದ ಹಿನ್ನೆಲೆ, ನ್ಯಾ. ವಿ.ಆರ್. ಕೃಷ್ಣ ಅಯ್ಯರ್.
- ಮೃತ ಪಕ್ಷಕಾರರ ಕಾನೂನುಬದ್ಧ ಪ್ರತಿನಿಧಿಗಳು: ಆದೇಶ 22, ನಿಯಮ 3 (ವಾದಿ), ನಿಯಮ 4 (ಪ್ರತಿವಾದಿ).
- ರಾಜಿ: ಆದೇಶ 23, ನಿಯಮ 3.
- ಸ್ಥಳ ತನಿಖೆಗೆ ಕೋರ್ಟ್ ಕಮಿಷನರ್: ಕಲಂ 75, ಆದೇಶ 26, ನಿಯಮ 9.
- ತೀರ್ಪಿಗೆ ಮುನ್ನ ಜಪ್ತಿ: ಆದೇಶ 38, ನಿಯಮ 5.
- ತಾತ್ಕಾಲಿಕ ನಿರ್ಬಂಧಕಾಜ್ಞೆ: ಆದೇಶ 39, ನಿಯಮ 1 ಮತ್ತು 2. ಉಲ್ಲಂಘನೆ: ನಿಯಮ 2ಎ, ಆಸ್ತಿ ಜಪ್ತಿ, 3 ತಿಂಗಳವರೆಗೆ ಸಿವಿಲ್ ಬಂಧನ. ಏಕಪಕ್ಷೀಯ ಆಜ್ಞೆಯಾದರೆ ಅರ್ಜಿ ಇತ್ಯರ್ಥಕ್ಕೆ 30 ದಿನ: ನಿಯಮ 3ಎ. ತೆರವು: ನಿಯಮ 4.
- ಮೂರು ಕಸೋಟಿಗಳು: ಮೇಲ್ನೋಟಕ್ಕೆ ಸಮರ್ಥ ಪ್ರಕರಣ, ಅನುಕೂಲತೆಯ ಸಮತೋಲನ, ತುಂಬಲಾಗದ ನಷ್ಟ. ತೀರ್ಪು: ದಲ್ಪತ್ ಕುಮಾರ್ ವಿರುದ್ಧ ಪ್ರಹ್ಲಾದ್ ಸಿಂಗ್ (1992).
- ರಿಸೀವರ್: ಆದೇಶ 40. ಮೇಲ್ಮನವಿಯಲ್ಲಿ ತಡೆ: ಆದೇಶ 41, ನಿಯಮ 5. ಹೆಚ್ಚುವರಿ ಸಾಕ್ಷ್ಯ: ಆದೇಶ 41, ನಿಯಮ 27.
- ಅಂತರ್ಗತ ಅಧಿಕಾರ: ಕಲಂ 151. ಆದೇಶ 39ರ ಹೊರಗೂ ನಿರ್ಬಂಧಕಾಜ್ಞೆ ಸಾಧ್ಯ: ಮನೋಹರ್ ಲಾಲ್ ಚೋಪ್ರಾ ವಿರುದ್ಧ ಸೇಠ್ ಹೀರಾಲಾಲ್ (1961). ಮಿತಿ: ಲೆಕ್ಕಪುಸ್ತಕ ವಶಕ್ಕೆ ಕಮಿಷನರ್ ನೇಮಕ ಸಲ್ಲದು, ಪದಮ್ ಸೇನ್ (1960).
- ಕೇವಿಯಟ್: ಕಲಂ 148ಎ, 1976ರ ಸೇರ್ಪಡೆ, ಆಯುಷ್ಯ 90 ದಿನ. ಕೇವಿಯಟ್ ದಾವೆಯ ವಿರುದ್ಧವಲ್ಲ; ದಾವೆ ಅಥವಾ ನಡವಳಿಯಲ್ಲಿ ಬರಬಹುದಾದ ಅಪ್ಲಿಕೇಶನ್ ವಿರುದ್ಧ.

ನಿರ್ದಿಷ್ಟ ಪರಿಹಾರ ಕಾಯಿದೆ 1963, ಕಲಂ 37ರಲ್ಲಿ ಇಡೀ ಭೇದದ ಸಾರ: ತಾತ್ಕಾಲಿಕ ನಿರ್ಬಂಧಕಾಜ್ಞೆ ಸಂಹಿತೆಯ ಅಧೀನ, ದಾವೆಯ ಯಾವ ಹಂತದಲ್ಲೂ ಲಭ್ಯ, ಶಾಶ್ವತ ನಿರ್ಬಂಧಕಾಜ್ಞೆ ವಿಚಾರಣೆಯ ನಂತರ ಡಿಕ್ರಿಯಿಂದ ಮಾತ್ರ. ಮೊದಲನೆಯದು ಐಎ ಫಲ, ಎರಡನೆಯದು ದಾವೆಯ ಫಲ. 'ಸ್ಟೇ ಸಿಕ್ಕಿತು' ಎಂಬುದು 'ಕೇಸು ಗೆದ್ದೆ' ಎಂದಲ್ಲ. ಕಕ್ಷಿದಾರನಿಗೂ ಪರೀಕ್ಷಾರ್ಥಿಗೂ ಸಮಾನವಾಗಿ ಮುಖ್ಯ.

ಒಂದು ಕಡತದ ಒಳಗೆ: ಬದುವಿನ ವ್ಯಾಜ್ಯ

ಮಾದರಿ: ತಾಲೂಕು ಸಿವಿಲ್ ನ್ಯಾಯಾಲಯ, ಅಕ್ಕಪಕ್ಕದ ಜಮೀನು, ಪ್ರತಿವಾದಿಯಿಂದ ಬದು ಒತ್ತುವರಿಯ ಆರೋಪ.

- ವಾದಪತ್ರ: ಶಾಶ್ವತ ನಿರ್ಬಂಧಕಾಜ್ಞೆಯ ಕೋರಿಕೆ, ನೋಂದಣಿ ಓ.ಎಸ್. ಸಂಖ್ಯೆ. ಕೊನೆಯಲ್ಲಿ ಷೆಡ್ಯೂಲ್: ಸರ್ವೆ ನಂಬರ್, ಎಕರೆ–ಗುಂಟೆ, ನಾಲ್ಕು ದಿಕ್ಕಿನ ಚಕ್ಕುಬಂದಿ.
- ಜೊತೆಗೆ: ವಕಾಲತ್ತು, ಸತ್ಯಾಪನೆಯ ಪ್ರಮಾಣಪತ್ರ, ಪಹಣಿ, ಕ್ರಯಪತ್ರ, ದಾಖಲೆ ಪಟ್ಟಿ.
- ಐಎ 1, ವಾದಿಯದು: ಆದೇಶ 39, ನಿಯಮ 1 ಮತ್ತು 2. ಒಂದು ಪುಟದ ಕೋರಿಕೆ, ಅದಕ್ಕೆ ಬೆನ್ನೆಲುಬಾಗಿ ಪ್ರಮಾಣಪತ್ರ. ತಲೆಬರಹದಲ್ಲಿ ಅದೇ ಓ.ಎಸ್. ಸಂಖ್ಯೆ, ಐಎಗೆ ಕ್ರಮಸಂಖ್ಯೆ ಮಾತ್ರ.
- ಐಎ 2, ಪ್ರತಿವಾದಿಯದು: ಆದೇಶ 39, ನಿಯಮ 4, ಏಕಪಕ್ಷೀಯ ಆಜ್ಞೆ ತೆರವಿಗೆ.
- ಐಎ 3, ವಾದಿಯದು: ಆದೇಶ 26, ನಿಯಮ 9, ಅಳತೆಗೆ ಕೋರ್ಟ್ ಕಮಿಷನರ್.
- ಐಎ 4, ಮೃತ ವಾದಿಯ ಮಕ್ಕಳದು: ಆದೇಶ 22, ನಿಯಮ 3, ಸಾವಿನ ದಿನದಿಂದ 90 ದಿನ.
- ಐಎ 1 ವಜಾ: ದಾವೆ ಜೀವಂತ. ದಾವೆ ವಜಾ: ತಾತ್ಕಾಲಿಕ ಆಜ್ಞೆಯೂ ಅಂತ್ಯ.
- ಗೈರುಹಾಜರಿಯಲ್ಲಿ ಏಕಪಕ್ಷೀಯ ಡಿಕ್ರಿ: ಆದೇಶ 9, ನಿಯಮ 13ರ ಅಪ್ಲಿಕೇಶನ್. ಮೂಲ ದಾವೆ ಮುಗಿದಿರುವುದರಿಂದ ಕರ್ನಾಟಕದಲ್ಲಿ ಪ್ರತ್ಯೇಕ ಮಿಸಲೇನಿಯಸ್ ಸಂಖ್ಯೆ. ಕಾಯಿದೆಯಲ್ಲಿ ಅಪ್ಲಿಕೇಶನ್, ಕಡತದಲ್ಲಿ ಪಿಟಿಷನ್.

ಪುರಾವೆ

- ಪಿಟಿಷನ್: ಸತ್ಯಾಪನೆ, ವಿವಾದವಿದ್ದಲ್ಲಿ ಸಾಕ್ಷ್ಯ, ಪಾಟೀಸವಾಲು.
- ಐಎ: ಸಾಮಾನ್ಯವಾಗಿ ಪ್ರಮಾಣಪತ್ರ ಮತ್ತು ಆಕ್ಷೇಪಣೆ.
- ಆದೇಶ 19, ನಿಯಮ 3: ಪ್ರಮಾಣಪತ್ರದಲ್ಲಿ ಸ್ವಂತ ತಿಳಿವಳಿಕೆಯ ಸಂಗತಿ ಮಾತ್ರ. ಅಪವಾದ: ಮಧ್ಯಂತರ ಅರ್ಜಿಯಲ್ಲಿ, ಆಧಾರ ತಿಳಿಸಿದರೆ, ನಂಬಿಕೆಯ ಹೇಳಿಕೆಗೂ ಅವಕಾಶ.

ಕಾಲಮಿತಿ

- ಕಾಲಮಿತಿ ಕಾಯಿದೆ: 1963ರ 36ನೇ ಕಾಯಿದೆ, ಜಾರಿ 1 ಜನವರಿ 1964, ಅನುಸೂಚಿಯಲ್ಲಿ 137 ಅನುಚ್ಛೇದಗಳು.
- ಮೂರು ವಿಭಾಗ: ದಾವೆ 1–113, ಮೇಲ್ಮನವಿ 114–117, ಅಪ್ಲಿಕೇಶನ್ 118–137.
- ಅನುಚ್ಛೇದ 120: ಕಾನೂನುಬದ್ಧ ಪ್ರತಿನಿಧಿ ಸೇರ್ಪಡೆ, 90 ದಿನ.
- ಅನುಚ್ಛೇದ 121: ಉಪಶಮನ (ಅಬೇಟ್‌ಮೆಂಟ್) ರದ್ದತಿ, 60 ದಿನ.
- ಅನುಚ್ಛೇದ 122: ಗೈರುಹಾಜರಿಯಿಂದ ವಜಾ ಆದದ್ದರ ಮರುಸ್ಥಾಪನೆ, 30 ದಿನ.
- ಅನುಚ್ಛೇದ 123: ಏಕಪಕ್ಷೀಯ ಡಿಕ್ರಿ ರದ್ದತಿ, 30 ದಿನ.
- ಅನುಚ್ಛೇದ 124: ಪುನರ್ವಿಮರ್ಶೆ, 30 ದಿನ, ಸುಪ್ರೀಂ ಕೋರ್ಟ್ ಹೊರತು.
- ಅನುಚ್ಛೇದ 127: ಅಮಲ್ಜಾರಿ ಹರಾಜು ರದ್ದತಿ, 60 ದಿನ.
- ಅನುಚ್ಛೇದ 131: ಪುನರೀಕ್ಷಣೆ, 90 ದಿನ.
- ಅನುಚ್ಛೇದ 136: ಡಿಕ್ರಿ ಅಮಲ್ಜಾರಿ, 12 ವರ್ಷ.
- ಅನುಚ್ಛೇದ 137: ಬೇರೆಡೆ ಅವಧಿ ಹೇಳದ ಎಲ್ಲ ಅಪ್ಲಿಕೇಶನ್, 3 ವರ್ಷ. ದಾವೆಗೆ ಸಮಾನವಾದದ್ದು: ಅನುಚ್ಛೇದ 113, ಅದೂ 3 ವರ್ಷ.
- ಕಲಂ 5, ವಿಳಂಬ ಮನ್ನಾ: ಮೇಲ್ಮನವಿ ಮತ್ತು ಅಪ್ಲಿಕೇಶನ್‌ಗೆ ಮಾತ್ರ, ದಾವೆಗೆ ಇಲ್ಲ, ಆದೇಶ 21ರ ಅಪ್ಲಿಕೇಶನ್‌ಗೂ ಇಲ್ಲ.

ಅನುಚ್ಛೇದ 137ರ ವ್ಯಾಪ್ತಿ: ಅಥಣಿಯಿಂದ ಕೇರಳದವರೆಗೆ

- ಟೌನ್ ಮುನ್ಸಿಪಲ್ ಕೌನ್ಸಿಲ್, ಅಥಣಿ ವಿರುದ್ಧ ಕಾರ್ಮಿಕ ನ್ಯಾಯಾಲಯದ ಅಧ್ಯಕ್ಷಾಧಿಕಾರಿ, ಹುಬ್ಬಳ್ಳಿ (1969): ದ್ವಿಸದಸ್ಯ ಪೀಠ; ಕಾರ್ಮಿಕರ ಬಾಕಿ ಹಣದ ಅರ್ಜಿ, ಕೈಗಾರಿಕಾ ವಿವಾದ ಕಾಯಿದೆ ಕಲಂ 33ಸಿ(2); ಅನುಚ್ಛೇದ 137 ಸಿವಿಲ್ ಪ್ರಕ್ರಿಯಾ ಸಂಹಿತೆಯ ಅರ್ಜಿಗಳಿಗೆ ಮಾತ್ರ ಎಂಬ ನಿಲುವು.
- ಕೇರಳ ರಾಜ್ಯ ವಿದ್ಯುತ್ ಮಂಡಳಿ ವಿರುದ್ಧ ಟಿ.ಪಿ. ಕುಂಞಾಲಿಉಮ್ಮ (1976): ತ್ರಿಸದಸ್ಯ ಪೀಠ, ಅಥಣಿ ತೀರ್ಪಿನ ಆ ನಿಲುವಿಗೆ ಅಸಮ್ಮತಿ, ಯಾವುದೇ ಕಾಯಿದೆಯಡಿ ಸಿವಿಲ್ ನ್ಯಾಯಾಲಯಕ್ಕೆ ಸಲ್ಲಿಸುವ ಪಿಟಿಷನ್ ಅಥವಾ ಅಪ್ಲಿಕೇಶನ್‌ಗೆ ಅನುಚ್ಛೇದ 137 ಅನ್ವಯ.
- ವಿಭಾಗ ದಾವೆಯ ಅಂತಿಮ ಡಿಕ್ರಿ ಕೋರುವ ಅರ್ಜಿಗೆ ಅನುಚ್ಛೇದ 137 ಇಲ್ಲ. ಅದು ನ್ಯಾಯಾಲಯಕ್ಕೆ ಅದರ ಬಾಕಿ ಕರ್ತವ್ಯದ ಜ್ಞಾಪನೆ: ಶುಭಕರಣ್ ಬುಬ್ನಾ (2009). ಪ್ರತ್ಯೇಕ ಅರ್ಜಿಗೆ ಕಾಯದೆ ಅಂತಿಮ ಡಿಕ್ರಿಯತ್ತ ಸಾಗಲು ವಿಚಾರಣಾ ನ್ಯಾಯಾಲಯಗಳಿಗೆ ನಿರ್ದೇಶನ: ಕಟ್ಟುಕಂಡಿ ಎಡತಿಲ್ ಕೃಷ್ಣನ್ ವಿರುದ್ಧ ವಲ್ಸನ್ (2022).

ಗಡಿ ದಾಟುವ ಅರ್ಜಿಗಳು

- ನಿರ್ಗತಿಕರ ದಾವೆ, ಆದೇಶ 33: ಶುಲ್ಕವಿಲ್ಲದೆ ದಾವೆ ಹೂಡಲು ಅಪ್ಲಿಕೇಶನ್; ಅನುಮತಿ ದೊರೆತರೆ ನಿಯಮ 8ರಂತೆ ಆ ಅಪ್ಲಿಕೇಶನ್ನೇ ವಾದಪತ್ರ.
- ಉತ್ತರಾಧಿಕಾರ ಕಾಯಿದೆ, ಕಲಂ 295: ಪ್ರೊಬೇಟ್ ಪಿಟಿಷನ್‌ಗೆ ವಿರೋಧ ಬಂದರೆ ದಾವೆಯ ರೂಪ, ಪಿಟಿಷನರ್ ವಾದಿ, ವಿರೋಧಿಸಿದವನು ಪ್ರತಿವಾದಿ.
- ವಿಶೇಷ ಅನುಮತಿ ಅರ್ಜಿ, ವಿಧಿ 136: ಅನುಮತಿ ದೊರೆತ ಕ್ಷಣ ಸಿವಿಲ್ ಮೇಲ್ಮನವಿ. ವಿಲೀನ ಸಿದ್ಧಾಂತ: ಕುಂಞಯಮ್ಮದ್ ವಿರುದ್ಧ ಕೇರಳ ರಾಜ್ಯ (2000), ಪುನರುಚ್ಚಾರ: ಖೋಡೇ ಡಿಸ್ಟಿಲರೀಸ್ ವಿರುದ್ಧ ಶ್ರೀ ಮಹದೇಶ್ವರ ಸಹಕಾರ ಸಕ್ಕರೆ ಕಾರ್ಖಾನೆ, ಕೊಳ್ಳೇಗಾಲ (1 ಮಾರ್ಚ್ 2019).
- ಮರುಭರ್ತಿ, ಕಲಂ 144: ಕೋರಿಕೆ ಅಪ್ಲಿಕೇಶನ್, ನಿರ್ಣಯ ಕಲಂ 2(2)ರಂತೆ ಡಿಕ್ರಿ. 'ಅಪ್ಲಿಕೇಶನ್‌ನಿಂದ ಎಂದಿಗೂ ಡಿಕ್ರಿ ಹುಟ್ಟದು' ಎಂಬ ಹೇಳಿಕೆ ಈ ಕಾರಣಕ್ಕೆ ತಪ್ಪು.
- ಆದೇಶ 7, ನಿಯಮ 11ರ ಐಎ ಮಂಜೂರು: ವಾದಪತ್ರ ತಿರಸ್ಕಾರ, ಪರಿಗಣಿತ ಡಿಕ್ರಿ, ಮೇಲ್ಮನವಿ. ಅದೇ ಐಎ ವಜಾ: ಆದೇಶ ಮಾತ್ರ, ಕಲಂ 115ರಡಿ ಪುನರೀಕ್ಷಣೆ.

ಐಎ ಆದೇಶದ ಮೇಲಿನ ದಾರಿ

- ಮೇಲ್ಮನವಿ ಇರುವ ಆದೇಶಗಳು: ಕಲಂ 104, ಆದೇಶ 43, ನಿಯಮ 1. ಪಟ್ಟಿಯಲ್ಲಿ ಇದ್ದರೆ ಮಾತ್ರ. ಆದೇಶ 39ರ ನಿಯಮ 1, 2, 2ಎ, 4, 10: ಖಂಡ (ಆರ್).
- ಪುನರೀಕ್ಷಣೆ: ಕಲಂ 115. 1 ಜುಲೈ 2002ರಿಂದ ಮಿತಿ: ಕೋರಿದವನ ಪರ ಆದೇಶವಾಗಿದ್ದರೆ ದಾವೆಯೇ ಅಂತಿಮವಾಗಿ ಮುಗಿಯುತ್ತಿತ್ತು ಎಂಬಲ್ಲಿ ಮಾತ್ರ.
- ಉಳಿದದ್ದು: ವಿಧಿ 227, ಹೈಕೋರ್ಟಿನ ಮೇಲ್ವಿಚಾರಣಾ ಅಧಿಕಾರ. ಸೂರ್ಯದೇವ್ ರಾಯ್ (2003): ವಿಧಿ 226ರ ದಾರಿಯೂ ಉಂಟು. ರಾಧೇಶ್ಯಾಮ್ ವಿರುದ್ಧ ಛಬಿನಾಥ್ (2015), ತ್ರಿಸದಸ್ಯ ಪೀಠ: ಸಿವಿಲ್ ನ್ಯಾಯಾಲಯದ ನ್ಯಾಯಿಕ ಆದೇಶಕ್ಕೆ ವಿಧಿ 226ರ ರಿಟ್ ಇಲ್ಲ, ವಿಧಿ 227 ಮಾತ್ರ.
- ಕರ್ನಾಟಕ ಹೈಕೋರ್ಟಿನಲ್ಲಿ ಇಂಥವುಗಳ ವರ್ಗ: ಡಬ್ಲ್ಯು.ಪಿ. (ಜಿಎಂ–ಸಿಪಿಸಿ). ತಾಲೂಕು ನ್ಯಾಯಾಲಯದ ಐಎ ಆದೇಶ ಬೆಂಗಳೂರು, ಧಾರವಾಡ ಅಥವಾ ಕಲಬುರಗಿಯಲ್ಲಿ ಸ್ವತಂತ್ರ ರಿಟ್ ಅರ್ಜಿ. ಆ ರಿಟ್ ಅರ್ಜಿಯ ಒಳಗೆ ತಡೆ ಕೋರಿ ಮತ್ತೊಂದು ಐಎ.
- ಪೂರ್ವನ್ಯಾಯ: ಒಂದೇ ವ್ಯಾಜ್ಯದ ಎರಡು ಹಂತಗಳ ನಡುವೆಯೂ ತತ್ತ್ವ ಅನ್ವಯ, ಸತ್ಯಧ್ಯಾನ್ ಘೋಸಲ್ (1960). ಎಲ್ಲ ಮಧ್ಯಂತರ ಆದೇಶಗಳಿಗೂ ಅಲ್ಲ, ಅರ್ಜುನ್ ಸಿಂಗ್ ವಿರುದ್ಧ ಮೊಹಿಂದ್ರ ಕುಮಾರ್ (1963).

ಸಾಂವಿಧಾನಿಕ ಮತ್ತು ಚುನಾವಣಾ ಪಿಟಿಷನ್

- ರಿಟ್ ಅರ್ಜಿ: ಸುಪ್ರೀಂ ಕೋರ್ಟ್, ವಿಧಿ 32, ಹೈಕೋರ್ಟ್, ವಿಧಿ 226. ಕರ್ನಾಟಕದ ನಿಯಮಾವಳಿ: ರಿಟ್ ಪ್ರೊಸೀಡಿಂಗ್ಸ್ ನಿಯಮಗಳು 1977.
- ವಿಧಿ 226(3): ಏಕಪಕ್ಷೀಯ ಮಧ್ಯಂತರ ಆದೇಶ ತೆರವಿಗೆ ಅಪ್ಲಿಕೇಶನ್, ಇತ್ಯರ್ಥದ ಅವಧಿ 2 ವಾರ, 44ನೇ ತಿದ್ದುಪಡಿ 1978.
- ತಡೆಯಾಜ್ಞೆ 6 ತಿಂಗಳಿಗೆ ತಾನಾಗಿ ಅಂತ್ಯ: ಏಷ್ಯನ್ ರಿಸರ್ಫೇಸಿಂಗ್ (2018). ಅದರ ರದ್ದತಿ: ಹೈಕೋರ್ಟ್ ಬಾರ್ ಅಸೋಸಿಯೇಷನ್, ಅಲಹಾಬಾದ್ (29 ಫೆಬ್ರವರಿ 2024), ಪಂಚಸದಸ್ಯ ಪೀಠ.
- ಕ್ಯೂರೇಟಿವ್ ಪಿಟಿಷನ್: ರೂಪಾ ಅಶೋಕ್ ಹುರ್ರಾ (2002), ಪಂಚಸದಸ್ಯ ಪೀಠ.
- ಎಡನೀರು ಮಠದ ಕೇಶವಾನಂದ ಭಾರತಿ: ರಿಟ್ ಅರ್ಜಿ 135/1970, ತೀರ್ಪು 24 ಏಪ್ರಿಲ್ 1973, 13 ನ್ಯಾಯಮೂರ್ತಿಗಳು, 7:6.
- ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ: ರಿಟ್ ಅರ್ಜಿ 494/2012, ಖಾಸಗಿತನದ ತೀರ್ಪು 24 ಆಗಸ್ಟ್ 2017, 9 ನ್ಯಾಯಮೂರ್ತಿಗಳು.
- ಚುನಾವಣಾ ಪಿಟಿಷನ್: ಪ್ರಜಾಪ್ರಾತಿನಿಧ್ಯ ಕಾಯಿದೆ 1951, ಕಲಂ 80, 81, ಹೈಕೋರ್ಟ್, 45 ದಿನ, ಭದ್ರತಾ ಠೇವಣಿ 2,000 ರೂ., ಕಲಂ 117. ಕಾಲಮಿತಿ ಕಾಯಿದೆಯ ಕಲಂ 5 ಅನ್ವಯ ಇಲ್ಲ: ಹುಕುಂದೇವ್ ನಾರಾಯಣ್ ಯಾದವ್ (1974).
- ಲಿಖಿತ ಹೇಳಿಕೆಯ 90 ದಿನದ ಮಿತಿ ನಿರ್ದೇಶಾತ್ಮಕ: ಕೈಲಾಶ್ ವಿರುದ್ಧ ನನ್ಹಕು (2005), ಮೂಲ ಚುನಾವಣಾ ಪಿಟಿಷನ್. ವಾಣಿಜ್ಯ ದಾವೆಯಲ್ಲಿ 120 ದಿನ ಕಡ್ಡಾಯ: ಎಸ್‌ಸಿಜಿ ಕಾಂಟ್ರಾಕ್ಟ್ಸ್ (2019).

ಒಳಗಿನ ಅರ್ಜಿ ಇತಿಹಾಸ ಮಾಡಿದ ಎರಡು ಸಂದರ್ಭ

ಐಎ ಎಂದರೆ ಸಣ್ಣ ಕಾಗದ ಎಂಬ ಗ್ರಹಿಕೆ ತಪ್ಪು. ಪುರಾವೆ ಎರಡು.

ರಾಜ್ ನಾರಾಯಣ್ ಪ್ರಕರಣ
- ಚುನಾವಣಾ ಪಿಟಿಷನ್: 1971ರ ರಾಯ್ ಬರೇಲಿ ಲೋಕಸಭಾ ಫಲಿತಾಂಶದ ವಿರುದ್ಧ, ಅಲಹಾಬಾದ್ ಹೈಕೋರ್ಟ್.
- ಅದರೊಳಗೆ ದಾಖಲೆ ಹಾಜರುಪಡಿಸಲು ಅರ್ಜಿ: ಪ್ರಧಾನಿ ಪ್ರವಾಸ ಭದ್ರತೆಯ 'ಬ್ಲೂ ಬುಕ್'. ಈ ಒಳ ಅರ್ಜಿಯಿಂದ ಉತ್ತರ ಪ್ರದೇಶ ರಾಜ್ಯ ವಿರುದ್ಧ ರಾಜ್ ನಾರಾಯಣ್, 24 ಜನವರಿ 1975. ಮಾಹಿತಿ ತಿಳಿಯುವ ಹಕ್ಕಿನ ಚರ್ಚೆಯ ಆರಂಭಿಕ ತೀರ್ಪುಗಳಲ್ಲಿ ಪ್ರಮುಖ.
- ಪಿಟಿಷನ್ ತೀರ್ಪು: 12 ಜೂನ್ 1975, ನ್ಯಾ. ಜಗಮೋಹನ್ ಲಾಲ್ ಸಿನ್ಹಾ. ಇಂದಿರಾ ಗಾಂಧಿ ಆಯ್ಕೆ ಅಸಿಂಧು.
- ಮೇಲ್ಮನವಿಯೊಳಗಿನ ತಡೆ ಅರ್ಜಿ: 24 ಜೂನ್ 1975, ರಜಾಕಾಲದ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್, ಷರತ್ತುಬದ್ಧ ತಡೆ. 25 ಜೂನ್: ತುರ್ತು ಪರಿಸ್ಥಿತಿ.
- ಮೇಲ್ಮನವಿಯ ಅಂತಿಮ ತೀರ್ಪು: 7 ನವೆಂಬರ್ 1975.

ಕುದುರೆಮುಖ ಪ್ರಕರಣ
- ಮೂಲ: ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ ವಿರುದ್ಧ ಭಾರತ ಒಕ್ಕೂಟ, ರಿಟ್ ಅರ್ಜಿ 202/1995. ನೀಲಗಿರಿಯ ಗೂಡಲೂರು ಕಾಡಿನ ಮರ ಕಡಿತದ ದೂರು. ಪ್ರಸಿದ್ಧ ಆದೇಶ 12 ಡಿಸೆಂಬರ್ 1996.
- ಒಂದೇ ಪಿಟಿಷನ್‌ನೊಳಗೆ ಸಾವಿರಾರು ಐಎಗಳು. ದೇಶದ ಅರಣ್ಯ ಆಡಳಿತವೇ ಅವುಗಳ ಮೂಲಕ ನ್ಯಾಯಾಲಯದ ಮುಂದೆ.
- ಐಎ 670/2001: ಕೆ.ಎಂ. ಚಿಣ್ಣಪ್ಪ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಬ್ಬಿಣದ ಅದಿರು ಗಣಿಗಾರಿಕೆಯ ವಿರುದ್ಧ.
- ತೀರ್ಪು: 30 ಅಕ್ಟೋಬರ್ 2002. ಗಣಿಗಾರಿಕೆಗೆ ಕೊನೆಯ ಗಡುವು: 31 ಡಿಸೆಂಬರ್ 2005.
- ಕರ್ನಾಟಕದ ಒಂದು ಬೃಹತ್ ಗಣಿ ಮುಚ್ಚಿದ್ದು ಸ್ವತಂತ್ರ ಪಿಟಿಷನ್‌ನಿಂದ ಅಲ್ಲ. ಬೇರೊಬ್ಬರ ಪಿಟಿಷನ್‌ನೊಳಗಿನ ಅಪ್ಲಿಕೇಶನ್‌ನಿಂದ.

ಕರ್ನಾಟಕದ ನೋಂದಣಿ ಸಂಕೇತಗಳು

- ವಿಚಾರಣಾ ಹಂತ: ಓ.ಎಸ್., ಮೂಲ ದಾವೆ. ಪಿ ಅಂಡ್ ಎಸ್.ಸಿ., ಪ್ರೊಬೇಟ್ ಮತ್ತು ಉತ್ತರಾಧಿಕಾರ. ಜಿ ಅಂಡ್ ಡಬ್ಲ್ಯು.ಸಿ., ಪೋಷಕರು ಮತ್ತು ಪಾಲ್ಯರು, ಎಂ.ಸಿ., ವೈವಾಹಿಕ; ಎಫ್.ಡಿ.ಪಿ., ಅಂತಿಮ ಡಿಕ್ರಿ, ಇ.ಎಕ್ಸ್., ಅಮಲ್ಜಾರಿ.
- ಮೇಲ್ಮನವಿ ಹಂತ: ಆರ್.ಎ., ರೆಗ್ಯುಲರ್ ಅಪೀಲು; ಎಂ.ಎ., ಮಿಸಲೇನಿಯಸ್ ಅಪೀಲು. ಹೈಕೋರ್ಟ್: ಆರ್.ಎಫ್.ಎ., ರೆಗ್ಯುಲರ್ ಪ್ರಥಮ ಮೇಲ್ಮನವಿ; ಆರ್.ಎಸ್.ಎ., ರೆಗ್ಯುಲರ್ ದ್ವಿತೀಯ ಮೇಲ್ಮನವಿ; ಎಂ.ಎಫ್.ಎ., ಮಿಸಲೇನಿಯಸ್ ಪ್ರಥಮ ಮೇಲ್ಮನವಿ; ಸಿ.ಆರ್.ಪಿ., ಸಿವಿಲ್ ಪುನರೀಕ್ಷಣಾ ಅರ್ಜಿ; ಡಬ್ಲ್ಯು.ಪಿ., ರಿಟ್ ಅರ್ಜಿ.
- ನಿಯಮಾವಳಿ: ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್ 1967. ಶುಲ್ಕ: ಕರ್ನಾಟಕ ನ್ಯಾಯಾಲಯ ಶುಲ್ಕ ಮತ್ತು ದಾವೆಗಳ ಮೌಲ್ಯಮಾಪನ ಕಾಯಿದೆ 1958, ಅನುಸೂಚಿ 1 ಮೌಲ್ಯಾನುಸಾರ, ಅನುಸೂಚಿ 2 ನಿಗದಿತ.

ಸಂಖ್ಯೆಯ ಗೊಂದಲ

- 136: ಸಂವಿಧಾನದಲ್ಲಿ ವಿಶೇಷ ಅನುಮತಿ ಅರ್ಜಿ, ಕಾಲಮಿತಿ ಕಾಯಿದೆಯಲ್ಲಿ ಅಮಲ್ಜಾರಿಗೆ 12 ವರ್ಷ.
- 137: ಸಂವಿಧಾನದಲ್ಲಿ ಸುಪ್ರೀಂ ಕೋರ್ಟಿನ ಪುನರ್ವಿಮರ್ಶೆ, ಕಾಲಮಿತಿ ಕಾಯಿದೆಯಲ್ಲಿ ಶೇಷ ಅರ್ಜಿಗಳಿಗೆ 3 ವರ್ಷ, ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅಧೀನ ನ್ಯಾಯಾಲಯಗಳ ಭಾಷೆ.
- 141: ಸಂಹಿತೆಯಲ್ಲಿ ಇತರ ನಡವಳಿಗಳ ಕಾರ್ಯವಿಧಾನ, ಸಂವಿಧಾನದಲ್ಲಿ ಸುಪ್ರೀಂ ಕೋರ್ಟ್ ಸಾರಿದ ಕಾನೂನಿನ ಬಂಧಕತೆ.
- 80: ಸಂಹಿತೆಯಲ್ಲಿ ಸರ್ಕಾರದ ವಿರುದ್ಧ ದಾವೆಗೆ 2 ತಿಂಗಳ ನೋಟಿಸ್, ರಿಟ್ ಅರ್ಜಿಗೆ ಅನ್ವಯ ಇಲ್ಲ, ಪ್ರಜಾಪ್ರಾತಿನಿಧ್ಯ ಕಾಯಿದೆಯಲ್ಲಿ ಚುನಾವಣಾ ಪಿಟಿಷನ್.